ಸೂಕ್ಷ್ಮ ಹೊಟ್ಟೆಯವರಿಗೆ ಜಪಾನಿ ಕರಿ: ಖಾರ ಇಳಿಸಿದರಷ್ಟೇ ಸಾಲದು

ಎರಡು ವರ್ಷಗಳ ಹಿಂದೆ ಮಗ ಬೆಂಗಳೂರಿನಿಂದ ಧಾರವಾಡಕ್ಕೆ ಬರುವಾಗ ಜಪಾನಿ ಕರಿಯ ಸಿದ್ಧ ಮಸಾಲೆಯ ಪೊಟ್ಟಣವೊಂದನ್ನು ತಂದಿದ್ದ. ಅದರ ಮೇಲೆ ‘ಖಾರವಿಲ್ಲದ್ದು’ ಎಂದು ಬರೆದಿತ್ತು. ಹುಳಿತೇಗು ಮತ್ತು ಹೊಟ್ಟೆಯುಬ್ಬರದ ಕಾರಣದಿಂದ ಕೆಂಪು ಚಟ್ನಿ, ಎಣ್ಣೆಗಾಯಿಗಳನ್ನು ಬಿಟ್ಟು ಸಪ್ಪೆ ಊಟಕ್ಕೆ ಒಗ್ಗಿಕೊಂಡಿದ್ದ ನಮ್ಮ ಅತ್ತೆಯವರು ಅಂದು ಬಹಳ ದಿನಗಳ ಮೇಲೆ ಅನ್ನಕ್ಕೆ ಎರಡನೆಯ ಸಲ ಬಡಿಸಿಕೊಂಡರು. ಆದರೆ ರಾತ್ರಿಯೆಲ್ಲ ಹೊಟ್ಟೆ ಉಬ್ಬಿ ಅವರಿಗೆ ನಿದ್ದೆ ಬರಲಿಲ್ಲ. ಖಾರವೇ ಇಲ್ಲದ ಪದಾರ್ಥ ಹೀಗೇಕೆ ಮಾಡಿತು ಎಂದು ಮರುದಿನ ಪೊಟ್ಟಣದ ಹಿಂಬದಿಯನ್ನು ಓದಿದಾಗ ಉತ್ತರ ಅಲ್ಲಿಯೇ ಇತ್ತು: ಗೋಧಿ ಹಿಟ್ಟು, ಕೊಬ್ಬು, ಉಳ್ಳಾಗಡ್ಡಿಯ ಪುಡಿ, ಬಳ್ಳೊಳ್ಳಿಯ ಪುಡಿ, ಸೇಬು, ಜೇನುತುಪ್ಪ. ಇದಲ್ಲದೆ ನಾನು ಪಾತ್ರೆಗೆ ಮೂರು ದೊಡ್ಡ ಉಳ್ಳಾಗಡ್ಡಿಗಳನ್ನು ಹೆಚ್ಚಿ ಹಾಕಿದ್ದೆ. ನಾಲಿಗೆಗೆ ಸೌಮ್ಯವಾದದ್ದೆಲ್ಲ ಕರುಳಿಗೂ ಸೌಮ್ಯವಾಗಿರುವುದಿಲ್ಲ ಎಂಬುದು ಅಂದು ಮನವರಿಕೆಯಾಯಿತು. ಆ ಬಳಿಕ ಹಲವು ಸಲ ಮಾಡಿ, ತಿದ್ದಿ, ನಮ್ಮ ಮನೆಯಲ್ಲಿ ನೆಲೆನಿಂತ ವಿಧಾನವನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಈ ಪದಾರ್ಥದ ಗುಣ

ಜಪಾನಿನವರು ‘ಕರೇ ರೈಸು’ ಎಂದು ಕರೆಯುವ ಈ ಊಟ ಅಲ್ಲಿಗೆ ಹೋದದ್ದು ನೇರವಾಗಿ ಭಾರತದಿಂದಲ್ಲ, ಬ್ರಿಟಿಷರ ಮೂಲಕ. ಮೇಜಿ ಚಕ್ರವರ್ತಿಯ ಕಾಲದಲ್ಲಿ, 1872ರಲ್ಲಿ ಪ್ರಕಟವಾದ ಪಾಶ್ಚಾತ್ಯ ಅಡುಗೆಯ ಜಪಾನಿ ಪುಸ್ತಕಗಳಲ್ಲಿ ಇದರ ವಿಧಾನ ಮೊದಲು ಕಾಣಿಸಿಕೊಂಡಿತು. ಮುಂದೆ ನೌಕಾಪಡೆಯ ಊಟದಲ್ಲಿ ಸೇರಿ, ಶಾಲೆಗಳಿಗೂ ಮನೆಗಳಿಗೂ ಹರಡಿತು. 1963ರಲ್ಲಿ ಸೇಬು ಮತ್ತು ಜೇನುತುಪ್ಪ ಸೇರಿಸಿದ ‘ವರ್ಮಾಂಟ್ ಕರಿ’ ಮಾರುಕಟ್ಟೆಗೆ ಬಂದ ಮೇಲೆ ಮಕ್ಕಳೂ ತಿನ್ನಬಹುದಾದ ಸಿಹಿ ಕರಿಯ ರುಚಿ ಮನೆಮನೆಗೆ ತಲುಪಿತು.

ನಮ್ಮ ಪಲ್ಯ ಮತ್ತು ಸಾರುಗಳಲ್ಲಿ ರುಚಿಯ ಭಾರವನ್ನು ಒಗ್ಗರಣೆ, ಹುಳಿ, ಮಸಾಲೆ ಖಾರಗಳು ಹೊರುತ್ತವೆ. ಜಪಾನಿ ಕರಿಯಲ್ಲಿ ಆ ಭಾರ ಬೀಳುವುದು ಕೊಬ್ಬಿನಲ್ಲಿ ಕೆಂಪಗೆ ಹುರಿದ ಹಿಟ್ಟಿನ ಮೇಲೆ ಮತ್ತು ಮೆತ್ತಗೆ ಬೆಂದ ತರಕಾರಿಯ ಸಿಹಿಯ ಮೇಲೆ. ಮಸಾಲೆ ಅಲ್ಲಿ ಪರಿಮಳಕ್ಕೆ ಮಾತ್ರ. ಆದ್ದರಿಂದ ಮೆಣಸಿನಕಾಯಿಯನ್ನು ಪೂರ್ತಿ ತೆಗೆದರೂ ಈ ಪದಾರ್ಥ ಸಪ್ಪೆಯಾಗುವುದಿಲ್ಲ, ಮತ್ತು ಪಥ್ಯದಲ್ಲಿರುವವರಿಗೆ ಇದು ಒದಗಿ ಬರುವುದೂ ಇದೇ ಕಾರಣಕ್ಕೆ.

ತೊಂದರೆ ಕೊಡುವ ಪದಾರ್ಥಗಳು

ಉಳ್ಳಾಗಡ್ಡಿ, ಬಳ್ಳೊಳ್ಳಿ, ಗೋಧಿಗಳಲ್ಲಿ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿಗಳಿರುತ್ತವೆ. ಅವುಗಳನ್ನು ಕತ್ತರಿಸುವ ಕಿಣ್ವ ಮನುಷ್ಯರ ಸಣ್ಣ ಕರುಳಿನಲ್ಲಿ ಇಲ್ಲ. ಅವು ಹಾಗೆಯೇ ದೊಡ್ಡ ಕರುಳನ್ನು ತಲುಪಿ, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಗಾಳಿಯನ್ನು ಹುಟ್ಟಿಸುತ್ತವೆ. ಹೆಚ್ಚಿನವರಿಗೆ ಇದರಿಂದ ಬಾಧೆಯಾಗುವುದಿಲ್ಲ, ಆದರೆ ಕರುಳಿನ ನರಗಳು ಸೂಕ್ಷ್ಮವಾಗಿರುವವರಿಗೆ ಅದೇ ಗಾಳಿ ನೋವಾಗಿ, ಉಬ್ಬರವಾಗಿ ಕಾಡುತ್ತದೆ. ಸೇಬು ಮತ್ತು ಜೇನುತುಪ್ಪಗಳಲ್ಲಿ ಫ್ರಕ್ಟೋಸ್ ಹೆಚ್ಚು. ಸೇಬಿನಲ್ಲಿ ಸಾರ್ಬಿಟಾಲ್ ಕೂಡ ಇದೆ. ಇಂಥ ಸಕ್ಕರೆಗಳನ್ನು ಒಟ್ಟಾಗಿ ‘ಫಾಡ್‌ಮ್ಯಾಪ್’ ಎಂದು ಹೆಸರಿಸಿ, ಅವುಗಳನ್ನು ಕಡಿಮೆ ಮಾಡುವ ಊಟದ ಕ್ರಮವನ್ನು ರೂಪಿಸಿದವರು ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು.

ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಉಳ್ಳಾಗಡ್ಡಿ ಹಾಕಿ ಕುದಿಸಿದ ಸಾರಿನಿಂದ ಹೋಳುಗಳನ್ನು ಆರಿಸಿ ತೆಗೆದು ಬಡಿಸಿದರೆ ಪ್ರಯೋಜನವಿಲ್ಲದಿರುವುದು ಇದರಿಂದಲೇ, ಏಕೆಂದರೆ ಬಾಧಿಸುವ ಅಂಶ ಆಗಲೇ ನೀರಿಗೆ ಇಳಿದಿರುತ್ತದೆ. ಅದೇ ಬಳ್ಳೊಳ್ಳಿಯನ್ನು ಬರೀ ಎಣ್ಣೆಯಲ್ಲಿ ಕಾಯಿಸಿ ತೆಗೆದುಬಿಟ್ಟರೆ ಘಮ ಎಣ್ಣೆಯಲ್ಲಿ ಉಳಿಯುತ್ತದೆ, ಫ್ರಕ್ಟಾನ್ ಹೋಳಿನಲ್ಲಿಯೇ ಉಳಿದು ಹೊರಗೆ ಹೋಗುತ್ತದೆ. ಈ ವಿಧಾನದ ಅರ್ಧ ಯಶಸ್ಸು ಈ ಒಂದು ತಿಳಿವಳಿಕೆಯಲ್ಲಿದೆ.

ಹುಳಿತೇಗು, ಎದೆಯುರಿ ಇರುವವರಿಗೆ ಕೊಬ್ಬಿನ ಚಿಂತೆ ಹೆಚ್ಚು. ಕೊಬ್ಬು ಹೆಚ್ಚಾದ ಊಟ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಅನ್ನನಾಳದ ಕೆಳತುದಿಯ ಬಿಗಿತವನ್ನೂ ಸಡಿಲಿಸುತ್ತದೆ. ಇನ್ನು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಿಸಿಯನ್ನು ಗುರುತಿಸುವ ನರಗಳನ್ನೇ ಕೆಣಕುತ್ತದೆ. ಉರಿ ಎಂಬ ಅನುಭವ ಬರಿಯ ಕಲ್ಪನೆಯಲ್ಲ.

ತೂಕ ತಾನಾಗಿ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಮಲ ಡಾಂಬರಿನಂತೆ ಕಪ್ಪಗಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ ಅಡುಗೆಯನ್ನು ಬದಲಿಸುತ್ತ ಕೂಡದೆ ಮೊದಲು ವೈದ್ಯರಿಗೆ ತೋರಿಸಬೇಕು.

ನಾಲ್ಕು ಜನರಿಗೆ ಬೇಕಾಗುವ ಸಾಮಾನು

ಇಲ್ಲಿ ‘ದೊಡ್ಡ ಚಮಚ’ ಎಂದರೆ 15 ಮಿಲಿ, ‘ಚಹಾ ಚಮಚ’ ಎಂದರೆ 5 ಮಿಲಿ, ಎರಡೂ ಮಟ್ಟವಾಗಿ ತುಂಬಿದ ಅಳತೆ.

ಗಜ್ಜರಿ 250 ಗ್ರಾಂ, ಬಟಾಟಿ 300 ಗ್ರಾಂ, ಸಿಹಿಗುಂಬಳ 150 ಗ್ರಾಂ ಬೇಕು. ತಪ್ಪಲಿನೊಂದಿಗೆ ಮಾರುವ ಎಳೆಯ ಉಳ್ಳಾಗಡ್ಡಿಯ ಒಂದು ಸಿವುಡು ತಂದು, ಅದರ ಹಸಿರು ಭಾಗವನ್ನು ಮಾತ್ರ ಸಣ್ಣಗೆ ಹೆಚ್ಚಿ ಒಂದು ಬಟ್ಟಲಿನಷ್ಟು ಇಟ್ಟುಕೊಳ್ಳಬೇಕು. ಬಿಳಿ ಗಡ್ಡೆ ಈ ಅಡುಗೆಗೆ ಬೇಡ. ಫ್ರಕ್ಟಾನ್ ಇರುವುದು ಹೆಚ್ಚಾಗಿ ಆ ಭಾಗದಲ್ಲಿ. ಬಳ್ಳೊಳ್ಳಿ ನಾಲ್ಕು ಎಸಳು, ಹಸಿಶುಂಠಿ ಅರ್ಧ ಇಂಚು, ಎಣ್ಣೆ ಒಂದು ದೊಡ್ಡ ಚಮಚ, ತುಪ್ಪ ಎರಡು ದೊಡ್ಡ ಚಮಚ, ಮೈದಾ ನಾಲ್ಕು ದೊಡ್ಡ ಚಮಚ (ಇದೂ ಗೋಧಿಯದೇ; ಗೋಧಿ ಒಗ್ಗದವರಿಗೆ ಬೇರೆ ಹಿಟ್ಟನ್ನು ಮುಂದೆ ಹೇಳಿದ್ದೇನೆ), ಇಂಗು ಎರಡು ಚಿಟಿಕೆ, ಬೆಲ್ಲ ಒಂದು ಚಹಾ ಚಮಚ, ಸೋಯಾ ಸಾಸ್ ಎರಡು ಚಹಾ ಚಮಚ, ನೀರು 750 ಮಿಲಿ. ಮಾಂಸಾಹಾರಿಗಳು ಚರ್ಮ ತೆಗೆದ, ಎಲುಬಿಲ್ಲದ 300 ಗ್ರಾಂ ಕೋಳಿಮಾಂಸವನ್ನು ಬಳಸಬಹುದು. ಸಸ್ಯಾಹಾರಿಗಳಿಗೆ ಸೋಯಾ ಹಾಲಿನಿಂದ ಪನೀರಿನಂತೆ ಮಾಡುವ ಗಟ್ಟಿ ತೋಫು ಎಲ್ಲಕ್ಕಿಂತ ಹಗುರ. ಅದು ಸಿಗದಿದ್ದರೆ ಹಾಗೆಯೇ ಬಿಡಬಹುದು, ತರಕಾರಿಯ ಕರಿಯೂ ಪೂರ್ಣವಾದ ಪದಾರ್ಥವೇ.

ಹೂಕೋಸು, ಅಣಬೆ, ಹೆಚ್ಚು ಬಟಾಣಿಗಳನ್ನು ಈ ಅಡುಗೆಯಿಂದ ದೂರವಿಡುವುದು ಒಳ್ಳೆಯದು. ಅಂಗಡಿಯ ಡಬ್ಬಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಅಥವಾ ಅಕ್ಕಿ ಹಿಟ್ಟು ಬೆರೆತಿರುತ್ತದೆ, ಸೋಯಾ ಸಾಸಿನಲ್ಲಿಯೂ ಹೆಚ್ಚಾಗಿ ಗೋಧಿ ಇರುತ್ತದೆ. ಇಷ್ಟು ಅಲ್ಪ ಪ್ರಮಾಣ ಹೆಚ್ಚಿನವರಿಗೆ ಬಾಧಕವಲ್ಲ, ಆದರೆ ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯವರು ಗೋಧಿ ಇಲ್ಲದ ಇಂಗನ್ನೇ ಹುಡುಕಬೇಕು, ಸೋಯಾ ಸಾಸನ್ನು ಬಿಟ್ಟು ಉಪ್ಪನ್ನು ತುಸು ಹೆಚ್ಚಿಸಬೇಕು.

ಸಿದ್ಧ ಮಸಾಲೆಯ ಬಿಲ್ಲೆಗಳ ಬಗ್ಗೆ ಒಂದು ಮಾತು. ಜಪಾನಿನಲ್ಲಿ ತಯಾರಾಗುವ ಹಲವು ಬಿಲ್ಲೆಗಳಲ್ಲಿ ದನದ ಅಥವಾ ಹಂದಿಯ ಕೊಬ್ಬು ಇರುತ್ತದೆ. ಚಿತ್ರದಲ್ಲಿ ಬರೀ ತರಕಾರಿ ಕಂಡರೂ ಅದು ಸಸ್ಯಾಹಾರವೆಂದು ನಂಬುವಂತಿಲ್ಲ. ನಮ್ಮ ಭಾಗದ ಬಹುಪಾಲು ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲವಾದ್ದರಿಂದ ಕೊಳ್ಳುವ ಮೊದಲು ಪದಾರ್ಥಗಳ ಪಟ್ಟಿಯನ್ನು ಓದಲೇಬೇಕು.

ಮಸಾಲೆ ಪುಡಿ

ಹವೀಜ ಎರಡು ದೊಡ್ಡ ಚಮಚ, ಜೀರಿಗೆ ಎರಡು ಚಹಾ ಚಮಚ, ಬಡೇಸೋಪು ಒಂದು ಚಹಾ ಚಮಚ, ಮೆಂತ್ಯ ಅರ್ಧ ಚಹಾ ಚಮಚ, ಲವಂಗ ಎರಡು, ದಾಲ್ಚಿನ್ನಿ ಅರ್ಧ ಇಂಚು, ಯಾಲಕ್ಕಿ ಮೂರು. ಯಾಲಕ್ಕಿಯನ್ನು ಬಿಟ್ಟು ಉಳಿದವನ್ನು ಸಣ್ಣ ಉರಿಯಲ್ಲಿ ಬೆಚ್ಚಗಾಗುವಷ್ಟು ಹುರಿಯಬೇಕು. ಮೆಂತ್ಯ ಕಪ್ಪಾದರೆ ಇಡೀ ಪುಡಿ ಕಹಿಯಾಗುತ್ತದೆ. ಆರಿದ ಮೇಲೆ ಯಾಲಕ್ಕಿ ಸೇರಿಸಿ ನುಣ್ಣಗೆ ಪುಡಿ ಮಾಡಿ, ಎರಡು ಚಹಾ ಚಮಚ ಅರಿಷಿಣ ಮತ್ತು ಅರ್ಧ ಚಹಾ ಚಮಚ ಒಣಶುಂಠಿ ಪುಡಿಯನ್ನು ಬೆರೆಸಬೇಕು. ಸಾಣಿಗೆಯಲ್ಲಿ ಸೋಸಿಕೊಂಡರೆ ತರಿಗಳು ಹೊಟ್ಟೆಗೂ ಹೋಗುವುದಿಲ್ಲ, ಕರಿಯ ನುಣುಪೂ ಕೆಡುವುದಿಲ್ಲ. ಒಂದು ಸಲಕ್ಕೆ ಬೇಕಾಗುವುದು ಒಂದು ದೊಡ್ಡ ಚಮಚ ಮಾತ್ರ. ಉಳಿದದ್ದನ್ನು ಬಿಗಿಯಾದ ಡಬ್ಬಿಯಲ್ಲಿ ಇಡಬಹುದು. ಹಾವೇರಿಯ ಕಡೆ ನೆಂಟರಿರುವವರು ಯಾಲಕ್ಕಿಯನ್ನು ಅಲ್ಲಿಂದ ತರಿಸಿಕೊಂಡರೆ ಈ ಪುಡಿಯ ಘಮವೇ ಬೇರೆ.

ಖಾರವನ್ನು ಸಹಿಸದವರಿಗೆ ಇಷ್ಟೇ ಸಾಕು. ಸ್ವಲ್ಪ ತಾಳುವವರಿಗೆ, ಬಣ್ಣವೂ ಬೇಕೆನ್ನುವವರಿಗೆ ನಮ್ಮ ಪಕ್ಕದ ಬ್ಯಾಡಗಿಯ ಮೆಣಸಿನಕಾಯಿಗಿಂತ ಒಳ್ಳೆಯದು ಜಪಾನಿನಲ್ಲಿಯೂ ಸಿಗಲಾರದು. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಮೆಣಸಿನಕಾಯಿಯ ಹೆಸರು ನಿಂತಿರುವುದೇ ಅದರ ಗಾಢ ಬಣ್ಣ ಮತ್ತು ಕಡಿಮೆ ಖಾರದ ಮೇಲೆ. ಕಡ್ಡಿ ಮತ್ತು ಡಬ್ಬಿ ಎಂಬ ಎರಡು ಬಗೆಗಳಲ್ಲಿ ದಪ್ಪನೆಯ ಡಬ್ಬಿಯನ್ನು ಆರಿಸಿ, ಸೀಳಿ, ಬೀಜಗಳ ಜೊತೆಗೆ ಬೀಜ ಅಂಟಿಕೊಂಡಿರುವ ಒಳಗಿನ ನಾರನ್ನೂ ಕೆರೆದು ತೆಗೆಯಬೇಕು. ಕ್ಯಾಪ್ಸೈಸಿನ್ ಹೆಚ್ಚಾಗಿ ತುಂಬಿರುವುದು ಬೀಜದಲ್ಲಲ್ಲ, ಆ ನಾರಿನಲ್ಲಿ. ಹೀಗೆ ಸ್ವಚ್ಛಗೊಳಿಸಿದ ಒಂದೇ ಒಂದು ಕಾಯಿಯನ್ನು ಪುಡಿಯ ಜೊತೆ ಬೀಸಿದರೆ ಕರಿಗೆ ಬೇಕಾದ ಕೆಂಬಣ್ಣ ಬರುತ್ತದೆ.

ಹಿಟ್ಟನ್ನು ಹುರಿಯುವುದು

ಇದು ಅಡುಗೆಯ ಜೀವಾಳ, ಆದ್ದರಿಂದ ಬೇರೆ ಯಾವ ಕೆಲಸವನ್ನೂ ಜೊತೆಗಿಟ್ಟುಕೊಳ್ಳದೆ ಮೊದಲು ಇದನ್ನೇ ಮುಗಿಸಬೇಕು. ದಪ್ಪ ತಳದ ಬಾಣಲೆಯಲ್ಲಿ ತುಪ್ಪ ಕರಗಿಸಿ, ಮೈದಾ ಹಾಕಿ, ಅತ್ಯಂತ ಸಣ್ಣ ಉರಿಯಲ್ಲಿ ಕಟ್ಟಿಗೆಯ ಸಟ್ಟುಗದಿಂದ ಬಿಡದೆ ಕೈಯಾಡಿಸಬೇಕು. ಮೊದಲು ಹಸಿ ಹಿಟ್ಟಿನ ವಾಸನೆ ಹೋಗುತ್ತದೆ. ಆಮೇಲೆ ಗೋಧಿ ಹಿಟ್ಟಿನ ಉಂಡಿ ಮಾಡುವಾಗ ಮನೆಯೆಲ್ಲ ತುಂಬುವ ಪರಿಮಳ ಬರುತ್ತದೆ. ಬಳಿಕ ಬಣ್ಣ ತಿರುಗತೊಡಗುತ್ತದೆ. ಹನ್ನೆರಡರಿಂದ ಹದಿನೈದು ನಿಮಿಷಗಳಲ್ಲಿ ಅದು ಧಾರವಾಡ ಪೇಡೆಯನ್ನು ಮುರಿದಾಗ ಒಳಗೆ ಕಾಣುವ ಕಂದು ಬಣ್ಣಕ್ಕೆ ಬರಬೇಕು. ಪೇಡೆ ಕಟ್ಟುವವರು ಖೋವಾವನ್ನು ಆತುರವಿಲ್ಲದೆ ಹುರಿಯುವಂತೆಯೇ ಇಲ್ಲಿಯೂ ತಾಳ್ಮೆ ಬೇಕು. ಉರಿ ಏರಿಸಿದರೆ ಕೆಳಗೆ ಕರಕಲು, ಮೇಲೆ ಹಸಿ.

ಹಿಟ್ಟು ಹೆಚ್ಚು ಕೆಂಪಾದಷ್ಟೂ ರುಚಿ ಏರುತ್ತದೆ, ಆದರೆ ಗಟ್ಟಿಯಾಗಿಸುವ ಶಕ್ತಿ ಇಳಿಯುತ್ತದೆ, ಏಕೆಂದರೆ ಬಿಸಿಗೆ ಪಿಷ್ಟದ ಸರಪಳಿಗಳು ತುಂಡಾಗಿರುತ್ತವೆ. ಪೇಡೆಯ ಬಣ್ಣವನ್ನು ದಾಟಿ ಮುಂದೆ ಹೋದವರು ಅರ್ಧ ದೊಡ್ಡ ಚಮಚ ಹಿಟ್ಟನ್ನು ಹೆಚ್ಚಿಗೆ ಲೆಕ್ಕ ಹಾಕಬೇಕು. ಬಣ್ಣ ಬಂದ ಕೂಡಲೇ ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು, ಮಸಾಲೆ ಪುಡಿ ಮತ್ತು ಇಂಗು ಸೇರಿಸಿ ಕಲಸಬೇಕು. ಉರಿಯ ಮೇಲಿರುವಾಗಲೇ ಪುಡಿ ಹಾಕಿದರೆ ಅದು ಸೀಯುತ್ತದೆ.

ಎದೆಯುರಿ ಹೆಚ್ಚಾಗಿರುವವರಿಗೆ, ಪಿತ್ತಕೋಶದ ತೊಂದರೆಯಿಂದ ಕೊಬ್ಬು ಬೇಡವೆನಿಸಿಕೊಂಡವರಿಗೆ ತುಪ್ಪವಿಲ್ಲದೆಯೂ ಇದನ್ನು ಮಾಡಬಹುದು. ಮೈದಾವನ್ನು ಒಣ ಬಾಣಲೆಯಲ್ಲಿ ಅದೇ ಬಣ್ಣಕ್ಕೆ ಹುರಿದು, ಪೂರ್ತಿ ಆರಿಸಿ, ಮಸಾಲೆ ಸೇರಿಸಿ, ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಕಿಟ್ಟುಕೊಳ್ಳಬೇಕು. ಆ ಲೋಟದ ನೀರನ್ನು 750 ಮಿಲಿಯಲ್ಲಿಯೇ ಕಳೆಯಬೇಕು. ರುಚಿ ತುಸು ತೆಳುವಾಗುತ್ತದೆ ಎಂಬುದು ನಿಜ, ಆದರೆ ನಮ್ಮ ಅತ್ತೆಯವರಿಗೆ ರಾತ್ರಿಯ ಊಟಕ್ಕೆ ನಾನು ಈಗ ಹೀಗೆಯೇ ಮಾಡುತ್ತೇನೆ.

ಗೋಧಿ ಬೇಡವಾದವರು ಅಕ್ಕಿ ಹಿಟ್ಟನ್ನೋ ಜೋಳದ ಹಿಟ್ಟನ್ನೋ ಇದೇ ರೀತಿ ಬಳಸಬಹುದು. ಅಂಬಲಿಯಲ್ಲಿ ಜೋಳದ ಹಿಟ್ಟು ಹೇಗೆ ಬಂಧ ಕೊಡುತ್ತದೆಂಬುದು ನಮ್ಮ ಕಡೆಯವರಿಗೆ ಗೊತ್ತಿರುವ ವಿಷಯವೇ. ಅದರ ಸ್ವಂತ ರುಚಿ ತುಸು ಮುಂದೆ ನಿಲ್ಲುತ್ತದಾದರೂ ನನಗೆ ಅದು ಅಕ್ಕಿ ಹಿಟ್ಟಿಗಿಂತ ಹಿತವೆನಿಸಿದೆ. ಆದರೆ ಗೋಧಿ ಬೀಸುವ ಗಿರಣಿಯಲ್ಲಿಯೇ ಬೀಸಿಸಿದ ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಶ ಸೇರಿಯೇ ಸೇರುತ್ತದೆ. ಸೀಲಿಯಾಕ್ ಕಾಯಿಲೆಯವರು ಜೋಳವನ್ನು ತೊಳೆದು ಒಣಗಿಸಿ ಮನೆಯಲ್ಲಿಯೇ ಪುಡಿ ಮಾಡಿಕೊಳ್ಳುವುದು ಕ್ಷೇಮ.

ತರಕಾರಿ ಮತ್ತು ಕುದಿತ

ಜಪಾನಿನ ಮನೆಗಳಲ್ಲಿ ಉಳ್ಳಾಗಡ್ಡಿಯನ್ನು ಕಂದು ಬಣ್ಣಕ್ಕೆ ಬರುವವರೆಗೆ ಬಾಡಿಸಿ ಅದರ ಸಿಹಿಯನ್ನು ಕರಿಗೆ ಇಳಿಸುತ್ತಾರೆ. ಇಲ್ಲಿ ಆ ಕೆಲಸವನ್ನು ಗಜ್ಜರಿಗೆ ಒಪ್ಪಿಸುತ್ತೇವೆ. 100 ಗ್ರಾಂ ಗಜ್ಜರಿಯನ್ನು ಸಣ್ಣಗೆ ತುರಿದು, ಉಳಿದದ್ದನ್ನು ದಪ್ಪ ಹೋಳುಗಳಾಗಿ ಹೆಚ್ಚಬೇಕು. ಬಟಾಟಿ ಮತ್ತು ಸಿಹಿಗುಂಬಳದ ಸಿಪ್ಪೆ ತೆಗೆದು ಒಂದೊಂದು ತುತ್ತಿನ ಗಾತ್ರಕ್ಕೆ ಹೆಚ್ಚಿ, ಬಟಾಟಿಯನ್ನು ನೀರಿನಲ್ಲಿ ಹಾಕಿಡಬೇಕು.

ದಪ್ಪ ತಳದ ಬೋಗುಣಿಯಲ್ಲಿ ಎಣ್ಣೆ ಬಿಸಿ ಮಾಡಿ, ಜಜ್ಜಿದ ಬಳ್ಳೊಳ್ಳಿಯನ್ನು ಹಾಕಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕಾಯಿಸಬೇಕು. ಹೊಂಬಣ್ಣಕ್ಕೆ ತಿರುಗಿದೊಡನೆ ಒಂದು ಚೂರೂ ಉಳಿಯದಂತೆ ತೆಗೆಯಬೇಕು. ನೀರಿನ ಅಂಶವಿರುವ ಯಾವುದೇ ಪದಾರ್ಥ, ತುರಿದ ಗಜ್ಜರಿ ಕೂಡ, ಪಾತ್ರೆಗೆ ಬೀಳುವ ಮೊದಲೇ ಈ ಕೆಲಸ ಮುಗಿದಿರಬೇಕು. ಇಂಥ ಎಣ್ಣೆಯನ್ನು ಹೆಚ್ಚಿಗೆ ಮಾಡಿ ಶೀಶೆಯಲ್ಲಿ ಹೊರಗಿಡುವ ಆಸೆ ಬೇಡ. ಗಾಳಿಯಾಡದ ಎಣ್ಣೆಯಲ್ಲಿ ಬೊಟುಲಿಸಂ ಎಂಬ ಮಾರಕ ಕಾಯಿಲೆಯನ್ನು ತರುವ ವಿಷ ಹುಟ್ಟುವ ಅಪಾಯವಿದೆ.

ಈಗ ತುರಿದ ಗಜ್ಜರಿ, ಚಿಟಿಕೆ ಉಪ್ಪು, ತುರಿದ ಶುಂಠಿ ಹಾಕಿ, ನೀರಾರಿ, ಮುದುಡಿ, ಅಂಚುಗಳು ಕೆಂಪಾಗುವವರೆಗೆ ಹನ್ನೆರಡು ನಿಮಿಷವಾದರೂ ಬಾಡಿಸಬೇಕು. ಕೋಳಿಮಾಂಸ ಹಾಕುವವರು ಈಗ ಹಾಕಿ ಬಣ್ಣ ಬದಲಾಗುವವರೆಗೆ ಹೊರಳಿಸಬೇಕು. ಬಳಿಕ ಗಜ್ಜರಿಯ ಹೋಳುಗಳನ್ನು ಹಾಕಿ, ನೀರು ಹೊಯ್ದು, ಕುದಿ ಬಂದ ಮೇಲೆ ಮೇಲೆದ್ದ ನೊರೆಯನ್ನು ತೆಗೆದು, ಮುಚ್ಚಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಬೇಕು. ಆಮೇಲೆ ಬಟಾಟಿ ಮತ್ತು ಕುಂಬಳ ಹಾಕಿ ಇನ್ನೂ ಹದಿನೈದು ನಿಮಿಷ. ಬಟಾಟಿ ಬೆರಳಿನ ಒತ್ತಿಗೆ ಮುರಿಯುವಷ್ಟು ಮೆತ್ತಗಾಗಬೇಕು. ಕುಂಬಳ ಸ್ವಲ್ಪ ಕರಗಿ ಹೋದರೆ ಇನ್ನೂ ಒಳ್ಳೆಯದು, ಸಿಹಿಯ ಜೊತೆಗೆ ಬಂಧವೂ ಬರುತ್ತದೆ. ಕುಕ್ಕರಿನ ಸೀಟಿಗೆ ನಾನು ಈ ಅಡುಗೆಯನ್ನು ಒಪ್ಪಿಸುವುದಿಲ್ಲ, ಏಕೆಂದರೆ ಬಟಾಟಿ ಹಿಟ್ಟಾಗಿ ಕರಿ ಅಂಟಂಟಾಗುತ್ತದೆ.

ಒಲೆ ಆರಿಸಿ, ಕುದಿ ನಿಂತ ಮೇಲೆ, ಹುರಿದ ಹಿಟ್ಟಿನ ಬಾಣಲೆಗೆ ಬಿಸಿ ನೀರನ್ನು ಬೋಗುಣಿಯಿಂದ ಒಂದೊಂದೇ ಸೌಟಿನಂತೆ ತೆಗೆದು ಹಾಕುತ್ತ ಕಲಕಬೇಕು. ಮೊದಲ ಸೌಟಿಗೆ ಅದು ಗಟ್ಟಿ ಮುದ್ದೆಯಾಗಿ ಗಾಬರಿ ಹುಟ್ಟಿಸುತ್ತದೆ, ಮೂರನೆಯದಕ್ಕೆ ಸಡಿಲಾಗುತ್ತದೆ, ಐದನೆಯದಕ್ಕೆ ನುಣ್ಣನೆಯ ಗಂಜಿಯಾಗುತ್ತದೆ. ಝುಣಕವನ್ನು ಗಂಟಿಲ್ಲದೆ ತಿರುವಿ ಅಭ್ಯಾಸವಿರುವ ಕೈಗೆ ಇದು ಕಷ್ಟವಲ್ಲ. ಅದನ್ನು ಬೋಗುಣಿಗೆ ಸುರಿದು, ಸೋಯಾ ಸಾಸ್, ಬೆಲ್ಲ, ರುಚಿಗೆ ಉಪ್ಪು ಸೇರಿಸಿ, ಮತ್ತೆ ಸಣ್ಣ ಉರಿಗಿಟ್ಟು, ತಳ ಹತ್ತದಂತೆ ಕೈಯಾಡಿಸುತ್ತ ಹತ್ತು ನಿಮಿಷ ಕುದಿಸಬೇಕು. ತುಪ್ಪವಿಲ್ಲದ ಹಿಟ್ಟಿನ ನೀರನ್ನು ಸುರಿಯುವುದೂ ಈ ಹಂತದಲ್ಲಿಯೇ. ತೋಫು ಮತ್ತು ಉಳ್ಳಾಗಡ್ಡಿಯ ಹಸಿರು ತಪ್ಪಲನ್ನು ಕೊನೆಯ ಮೂರು ನಿಮಿಷ ಇರುವಾಗ ಹಾಕಬೇಕು. ಸಟ್ಟುಗವನ್ನು ಎತ್ತಿದಾಗ ಕರಿ ಅದರ ಬೆನ್ನಿಗೆ ತೆಳುವಾಗಿ ಅಂಟಿ ನಿಂತರೆ ಹದ ಬಂದಿತೆಂದು ತಿಳಿಯಬೇಕು. ಆರಿದಂತೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ರುಚಿ ನೋಡಿದ ಚಮಚವನ್ನು ಮತ್ತೆ ಪಾತ್ರೆಗೆ ಹಾಕಬಾರದು. ಎಂಜಲಿನ ಕಟ್ಟಳೆಯಲ್ಲಿ ಬೆಳೆದ ನಮಗೆ ಇದನ್ನು ಹೇಳಬೇಕಿಲ್ಲವಾದರೂ ಇಲ್ಲಿ ಅದಕ್ಕೆ ಇನ್ನೊಂದು ಕಾರಣವಿದೆ: ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಬೆಳಿಗ್ಗೆ ಗಟ್ಟಿಯಾಗಿದ್ದ ಕರಿ ಸಂಜೆಗೆ ನೀರಾಗಿರುತ್ತದೆ. ಹಸಿ ಜೇನುತುಪ್ಪದಲ್ಲಿಯೂ ಅದೇ ಕಿಣ್ವವಿರುವುದರಿಂದ ಕೊನೆಯಲ್ಲಿ ಜೇನು ಹಾಕಿದವರ ಕರಿಯೂ ಹೀಗೆಯೇ ತೆಳುವಾಗುತ್ತದೆ.

ಅನ್ನ ಮತ್ತು ಬಡಿಸುವ ಕ್ರಮ

ಜಪಾನಿನ ಅಕ್ಕಿ ಗಿಡ್ಡ, ಬೆಂದಾಗ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕಲಘಟಗಿ, ಹಾನಗಲ್ಲ ಕಡೆಯ ದಿನಬಳಕೆಯ ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಎಂದಿಗಿಂತ ಕಾಲು ಲೋಟ ಹೆಚ್ಚು ನೀರಿಟ್ಟು ಮೆತ್ತಗೆ ಮಾಡಿದರೆ ಆ ಹದಕ್ಕೆ ಹತ್ತಿರ ಬರುತ್ತದೆ. ಉದುರುದುರಾದ ಅನ್ನ ಇದಕ್ಕೆ ಒಪ್ಪುವುದಿಲ್ಲ. ತಟ್ಟೆಯ ಒಂದು ಬದಿಗೆ ಅನ್ನ, ಇನ್ನೊಂದು ಬದಿಗೆ ಕರಿ ಹಾಕಿ ಅಂಚಿನಿಂದ ಕಲಸಿಕೊಳ್ಳುತ್ತ ಊಟ ಮಾಡುವುದು ಅಲ್ಲಿಯ ರೂಢಿ. ಅಲ್ಲಿ ಜೊತೆಗೆ ಕೊಡುವ ರಕ್ಕ್ಯೋ ಎಂಬ ಉಪ್ಪಿನಕಾಯಿ ಉಳ್ಳಾಗಡ್ಡಿಯ ಜಾತಿಗೇ ಸೇರಿದ ಗಡ್ಡೆಯದಾದ್ದರಿಂದ ನಮಗೆ ಬೇಡ. ಸಿಪ್ಪೆ ತೆಗೆದ ಸೌತೆಕಾಯಿಯ ನಾಲ್ಕು ಬಿಲ್ಲೆಗಳು ಸಾಕು.

ಮೊದಲ ಸಲ ಉಣ್ಣುವವರು ಮಧ್ಯಾಹ್ನದ ಊಟಕ್ಕೆ ಅರ್ಧ ಬಟ್ಟಲು ಮಾತ್ರ ಹಾಕಿಕೊಳ್ಳಬೇಕು, ಅದೇ ದಿನ ಬೇರೆ ಯಾವ ಹೊಸ ಪದಾರ್ಥವನ್ನೂ ತಿನ್ನಬಾರದು, ಮರುದಿನ ಮಧ್ಯಾಹ್ನದವರೆಗೆ ಹೊಟ್ಟೆ ಹೇಗಿತ್ತೆಂದು ಬರೆದಿಟ್ಟುಕೊಳ್ಳಬೇಕು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದಿರಬಹುದು; ನಮ್ಮ ಮನೆಯಲ್ಲಿಯೇ ಅತ್ತೆಯವರಿಗೆ ಹಿತವಾದ ಕುಂಬಳ ನನ್ನ ನಾದಿನಿಗೆ ಭಾರವಾಗುತ್ತದೆ. ಎದೆಯುರಿ ಇರುವವರು ಊಟವಾದ ಮೇಲೆ ಎರಡು ಮೂರು ಗಂಟೆ ಮಲಗಬಾರದು, ಆದ್ದರಿಂದ ರಾತ್ರಿ ಇದನ್ನು ಎಂಟರೊಳಗೆ ಉಂಡು ಮುಗಿಸುವುದು ಮೇಲು.

ಉಳಿದದ್ದನ್ನು ಇಡುವುದು

ಎರಡನೆಯ ದಿನದ ಕರಿಯೇ ಹೆಚ್ಚು ರುಚಿ ಎಂಬ ಮಾತು ಜಪಾನಿನಲ್ಲಿದೆ, ಮತ್ತು ಉಳಿದ ಕರಿಯಿಂದ ಹೊಟ್ಟೆ ಕೆಟ್ಟ ಪ್ರಸಂಗಗಳೂ ಅಲ್ಲಿಯೇ ಹೆಚ್ಚಾಗಿ ಕೇಳಿಬರುತ್ತವೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿತಕ್ಕೂ ಸಾಯುವುದಿಲ್ಲ. ಗಟ್ಟಿ ಕರಿಯ ನಡುಭಾಗದಲ್ಲಿ ಗಾಳಿಯಿಲ್ಲದಿರುವುದರಿಂದ, ಅದು ನಿಧಾನವಾಗಿ ಆರುತ್ತ 40ರಿಂದ 45 ಡಿಗ್ರಿಗೆ ಬಂದಾಗ ಅವು ವೇಗವಾಗಿ ಬೆಳೆಯುತ್ತವೆ. ಹುಬ್ಬಳ್ಳಿಯ ಏಪ್ರಿಲ್ ತಿಂಗಳ ಸೆಖೆಯಲ್ಲಿ ಬೋಗುಣಿಯನ್ನು ಒಲೆಯ ಮೇಲೆಯೇ ರಾತ್ರಿ ಬಿಟ್ಟರೆ ಆರೋಗ್ಯವಂತರ ಹೊಟ್ಟೆಯೂ ಉಳಿಯದು. ಊಟವಾದ ಕೂಡಲೇ ಉಳಿದದ್ದನ್ನು ಅಗಲವಾದ, ಆಳವಿಲ್ಲದ ಸ್ಟೀಲ್ ಡಬ್ಬಿಗಳಿಗೆ ಹಂಚಿ, ತಣ್ಣೀರಿನ ಪರಾತದಲ್ಲಿಟ್ಟು ಕಲಕುತ್ತ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಎರಡು ದಿನಗಳ ಒಳಗೆ ಮುಗಿಸಬೇಕು. ಬಿಸಿ ಮಾಡುವಾಗ ಅರ್ಧ ಲೋಟ ನೀರು ಸೇರಿಸಿ, ತಳದಿಂದ ತಿರುವುತ್ತ, ನಡುವೆಯೂ ಕುದಿ ಏಳುವವರೆಗೆ ಕಾಯಿಸಬೇಕು. ಒಮ್ಮೆ ಹೀಗೆ ಬಿಸಿ ಮಾಡಿದ್ದನ್ನು ಮತ್ತೆ ಫ್ರಿಜ್ಜಿನಲ್ಲಿ ಇಡಬಾರದು.